ಡ್ರಾಯಿಂಗ್ ಮೇಷ್ಟ್ರು ಕಳಿಸದ ಮದುವೆ ಕಾಗದ

ಮೊನ್ನೆ ಮದುವೆ ಸೀಸನ್ನಿನ ಒಂದು ಗುರುವಾರ ಸಂಜೆ. ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬ್‌ನಲ್ಲಿ ಕೂತಿದ್ದೆ. ಸಾಗರದಿಂದ ಅಪ್ಪನ ಫೋನ್ ಬಂತು. ದನಿಯಲ್ಲಿ ಅಪರೂಪದ ಸಂಭ್ರಮ.

"ಪುಟ್ಟೀ, ಡ್ರಾಯಿಂಗ್ ಮೇಷ್ಟ್ರ ಮಗಳಿಗೆ ಮದ್ವೆಯಂತೆ! ವಾಟ್ಸಾಪಲ್ಲಿ ಕಾಗದ ಕಳ್ಸಿದಾರೆ. ಆದ್ರೆ ತೆರೀತಾನೇ ಇಲ್ಲ ಮಾರಾಯ್ತಿ. ಏನೋ ಪರ್ಮಿಷನ್ ಕೇಳ್ತಾ ಇದೆ. ಕೊಡ್ಲಾ?"

ಡ್ರಾಯಿಂಗ್ ಮೇಷ್ಟ್ರು ಅಪ್ಪನ ಜೊತೆ ಒಂದೇ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಅವರ ಮಗಳಿಗೆ ಈಗ ಮೂವತ್ತಾರೋ ಮೂವತ್ತೇಳೋ. ಗಂಡು ನೋಡಿ ನೋಡಿ ಸುಸ್ತಾಗಿ, ಅವರ ಮನೆಯಲ್ಲಿ ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದರು. ಹಾಗಾಗಿ ಅಪ್ಪನ ಖುಷಿ ನನಗೆ ಅರ್ಥವಾಯ್ತು. ಆದರೆ "ಪರ್ಮಿಷನ್" ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ಎದೆ ಝಲ್ಲೆಂದಿತು.

"ಅಪ್ಪಾ, ಆ ಫೈಲಿನ ಹೆಸರು ಕೊನೇಲಿ ಏನಿದೆ ಓದು."

"ಎ... ಪಿ... ಕೆ."

"ಏನೂ ಒತ್ತಬೇಡ. ಮೊದ್ಲು ನೆಟ್ ಆಫ್ ಮಾಡು."

ಅಪ್ಪ ಬಚಾವಾದರು. ಮೇಷ್ಟ್ರು ಆಗಿರಲಿಲ್ಲ. ಅವರಿಗೆ ಸೋಮವಾರವೇ ಸಂಬಂಧಿಕರೊಬ್ಬರ ನಂಬರಿನಿಂದ ಇಂಥದ್ದೇ ಒಂದು "ಮದುವೆ ಕಾರ್ಡ್" ಬಂದಿತ್ತು. ಕೇಳಿದ ಅನುಮತಿಯನ್ನೆಲ್ಲ ಕೊಟ್ಟಿದ್ದರು. ಮಂಗಳವಾರ ಬೆಳಗ್ಗೆ ಪೆನ್ಷನ್ ಖಾತೆಯಿಂದ ಅರವತ್ತೆಂಟು ಸಾವಿರ ಹೋಗಿತ್ತು. ಹೇಳಿದರೆ ಜನ ನಗುತ್ತಾರೆ ಅಂತ ಮನೆಯವರಿಗೂ ಹೇಳದೆ ಸುಮ್ಮನಿದ್ದರು. ಗುರುವಾರ ಅವರದೇ ನಂಬರಿನಿಂದ, ಅವರ ಫೋನಿನಲ್ಲಿದ್ದ ಅಷ್ಟೂ ಜನಕ್ಕೆ ಮಗಳ ಮದುವೆಗೆ ಬನ್ನಿ ಅಂತ ಕರೆ ಹೋಯಿತು. ಸಂಜೆಯೊಳಗೆ ಮೇಷ್ಟ್ರ ಹೆಂಡತಿಗೆ ನಲವತ್ತಕ್ಕೂ ಹೆಚ್ಚು ಫೋನು. "ಯಾವೂರ ಹುಡ್ಗ? ಏನು ಕೆಲ್ಸ? ನಮ್ಗೆ ಮೊದ್ಲೇ ಹೇಳ್ಲಿಲ್ವಲ್ಲ!" ಮಾರನೇ ದಿನ ಆ ಮಗಳು ಆಫೀಸಿಗೆ ಹೋಗಲಿಲ್ಲ.

ರಾತ್ರಿ ಅಪ್ಪ ಮತ್ತೆ ಫೋನ್ ಮಾಡಿದರು. "ಎಲ್ಲಾ ಸರಿ ಪುಟ್ಟಿ, ಆದ್ರೆ ಒಂದು ಅರ್ಥ ಆಗಲ್ಲ. ಅದು ಅವ್ರ ನಂಬರಿಂದಲೇ ಬಂದಿದ್ದು. ಇಪ್ಪತ್ತೆರಡು ವರ್ಷ ಪರಿಚಯ ಇರೋ ಮನುಷ್ಯನ್ನ ನಂಬ್ದೆ ಇನ್ಯಾರನ್ನ ನಂಬೋದು?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಹೊಟ್ಟೆ ಹೊರೆಯುವವಳು ನಾನು. ಆದರೂ "ಲಿಂಕ್ ಒತ್ತಬೇಡ, ಓಟಿಪಿ ಕೊಡಬೇಡ" ಅನ್ನೋ ಗಿಳಿಪಾಠ ಬಿಟ್ಟರೆ ಬೇರೇನೂ ತೋಚಲಿಲ್ಲ. ಆಮೇಲೆ ಒಂದು ವಾರ ಕೂತು ಹಳೇ ಕಥೆಗಳನ್ನೆಲ್ಲ ಕೆದಕಿದೆ. ಅಪ್ಪನ ಪ್ರಶ್ನೆಗೆ ಸುಮಾರು ನಲವತ್ತು ವರ್ಷ ವಯಸ್ಸಾಗಿದೆ ಅಂತ ಆಗ ಗೊತ್ತಾಯ್ತು.

* * *

ಕಥೆ ಶುರುವಾಗುವುದು ಪಕ್ಕದ ಮನೆಯಲ್ಲೇ. 1986, ಲಾಹೋರ್. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಅನ್ನೋ ಅಣ್ಣ ತಮ್ಮಂದಿರು ಅಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದರು. ತಾವು ಬರೆದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕದ್ದು ಕಾಪಿ ಮಾಡಿಕೊಳ್ಳುತ್ತಾರೆ ಅಂತ ಬೇಜಾರಾಗಿ ಫ್ಲಾಪಿಯೊಳಗೆ ಒಂದು ಚಿಕ್ಕ ಪ್ರೋಗ್ರಾಂ ಸೇರಿಸಿದೆವು ಅಂತ ಅವರೇ ಆಮೇಲೆ ಹೇಳಿಕೊಂಡರು. ಅದರ ಹೆಸರು ಬ್ರೇನ್. ಐಬಿಎಂ ಪಿಸಿಗಳಲ್ಲಿ ಹರಡಿದ ಮೊಟ್ಟಮೊದಲ ವೈರಸ್ ಅಂತ ಇವತ್ತಿಗೂ ಅದನ್ನೇ ಹೆಸರಿಸುತ್ತಾರೆ.

ಅದು ಕೂರುತ್ತಿದ್ದುದು 360 ಕೆಬಿಯ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ. ಅಂದರೆ ಕಂಪ್ಯೂಟರ್ ಡಿಸ್ಕಿನಲ್ಲಿ ಎಲ್ಲಕ್ಕಿಂತ ಮೊದಲು ಓದುವ ಜಾಗದಲ್ಲಿ. ಅಂಥ ಫ್ಲಾಪಿಯಿಂದ ಒಮ್ಮೆ ಕಂಪ್ಯೂಟರ್ ಶುರುವಾದರೆ, ಆಮೇಲೆ ಅದರೊಳಗೆ ಹಾಕಿದ ಬೇರೆ ಫ್ಲಾಪಿಗಳಿಗೂ ಅಂಟುತ್ತಿತ್ತು. ತಮಾಷೆ ಏನೆಂದರೆ, ಅಣ್ಣ ತಮ್ಮಂದಿರು ಅದರೊಳಗೆ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಎಲ್ಲಾ ಬರೆದು, ಲಸಿಕೆ ಬೇಕಾದರೆ ನಮ್ಮನ್ನು ಸಂಪರ್ಕಿಸಿ ಅಂತಲೂ ಸೇರಿಸಿದ್ದರು. ಲಾಹೋರಿನ ಗಿರಾಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಅಮೆರಿಕ ಮುಟ್ಟಿತು. 1988ರಲ್ಲಿ ಅಲ್ಲಿನ ಪ್ರಾವಿಡೆನ್ಸ್ ಜರ್ನಲ್ ಪತ್ರಿಕೆಯ ವರದಿಗಾರ್ತಿಯೊಬ್ಬರು ತಿಂಗಳುಗಟ್ಟಲೆ ಕೂಡಿಟ್ಟ ಟಿಪ್ಪಣಿಗಳಿದ್ದ ಫ್ಲಾಪಿ ಇದರಿಂದ ಹಾಳಾಯಿತು. ಆಕೆಗೆ ಲಾಹೋರ್ ಯಾವುದೋ, ಅಲ್ವಿ ಯಾರೋ.

ಇಂಟರ್ನೆಟ್ ಜನರ ಮನೆಗೆ ಬರುವುದಕ್ಕೆ ಮುಂಚೆಯೇ ಬ್ರೇನ್ ಸಮುದ್ರ ದಾಟಿದ್ದು ಹೇಗೆ? ಕೈಯಿಂದ ಕೈಗೆ. ಗೆಳೆಯ ಗೆಳೆಯನಿಗೆ ಗೇಮ್ ಕೊಟ್ಟ, ಮೇಷ್ಟ್ರು ಹುಡುಗರಿಗೆ ಪಾಠ ಕೊಟ್ಟರು. ಹಾಗೆ ಕೊಟ್ಟವರಲ್ಲಿ ಹೆಚ್ಚಿನವರಿಗೆ ತಾವು ಏನು ಕೊಡುತ್ತಿದ್ದೇವೆ ಅನ್ನೋದೇ ಗೊತ್ತಿರಲಿಲ್ಲ. ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಒಂದು ಫೈಲನ್ನು ಕೊಟ್ಟವರು ಬೇರೆ, ಅದನ್ನು ಮಾಡಿದವರು ಬೇರೆ. ನಾವು ಕೊಟ್ಟವರ ಮುಖ ನೋಡಿ, ಮಾಡಿದವರನ್ನು ನಂಬಿಬಿಡುತ್ತೇವೆ.

* * *

ಮೂರು ವರ್ಷದ ಮೇಲೆ, 1989ರ ಡಿಸೆಂಬರಿನಲ್ಲಿ, ಪರಿಚಯದ ಕೈಯೂ ಬೇಡ ಅಂತ ಒಬ್ಬ ತೋರಿಸಿದ. ಸುಮಾರು ಇಪ್ಪತ್ತು ಸಾವಿರ ಫ್ಲಾಪಿಗಳು ಅಂಚೆಯಲ್ಲಿ ಹೋದವು, ಲಕೋಟೆಯೊಳಗೆ, ಸ್ಟಾಂಪ್ ಹಚ್ಚಿಸಿಕೊಂಡು. ಒಂದು ಕಂಪ್ಯೂಟರ್ ಪತ್ರಿಕೆಯ ಚಂದಾದಾರರಿಗೆ ಮತ್ತು ಏಡ್ಸ್ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿದ್ದವರಿಗೆ. ಮೇಲೆ "ಏಡ್ಸ್ ಮಾಹಿತಿ" ಅಂತ ಲೇಬಲ್. ಒಳಗೆ ನಿಜವಾಗಿಯೂ ಒಂದು ಪ್ರಶ್ನಾವಳಿ ಇತ್ತು. ಉತ್ತರ ಕೊಟ್ಟರೆ ನಿಮಗೆ ಏಡ್ಸ್ ಬರುವ ಅಪಾಯ ಎಷ್ಟು ಅಂತ ಹೇಳುತ್ತಿತ್ತು. ಆ ರೋಗದ ಹೆಸರು ಕೇಳಿದರೇ ಜಗತ್ತು ನಡುಗುತ್ತಿದ್ದ ಕಾಲ ಅದು. ಯಾರು ತಾನೇ ಹಾಕಿ ನೋಡದೆ ಬಿಡುತ್ತಾರೆ?

ಕಂಪ್ಯೂಟರನ್ನು ಸುಮಾರು ತೊಂಬತ್ತು ಸಲ ಆನ್ ಮಾಡುವ ತನಕ ಏನೂ ಆಗುತ್ತಿರಲಿಲ್ಲ. ಆಮೇಲೆ ಫೈಲುಗಳ ಹೆಸರೆಲ್ಲ ಅರ್ಥವಾಗದ ಅಕ್ಷರಗಳಾಗಿ, ಫೋಲ್ಡರ್‌ಗಳು ಮಾಯವಾಗಿ, ಪರದೆಯ ಮೇಲೆ ಬಾಡಿಗೆ ಕಟ್ಟಿ ಅಂತ ಬರುತ್ತಿತ್ತು. 189 ಡಾಲರ್, ಪನಾಮಾದ ಒಂದು ಅಂಚೆಪೆಟ್ಟಿಗೆಗೆ. ಇವತ್ತು ನಮ್ಮ ಆಫೀಸುಗಳಲ್ಲಿ ರ‍್ಯಾನ್ಸಮ್‌ವೇರ್ ಅಂತ ಟ್ರೈನಿಂಗ್ ಕೊಡ್ತಾರಲ್ಲ, ಅದರ ಮುತ್ತಜ್ಜ ಇದು. ಮಾಡಿದ ಆರೋಪ ಬಂದದ್ದು ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿಯ ಮೇಲೆ. ಹಾರ್ವರ್ಡಿನಲ್ಲಿ ಪಿಎಚ್‌ಡಿ ಮಾಡಿದಾತ. ವಿಚಾರಣೆ ಎದುರಿಸುವ ಮಾನಸಿಕ ಸ್ಥಿತಿಯಲ್ಲಿಲ್ಲ ಅಂತ ಬ್ರಿಟನ್ನಿನ ನ್ಯಾಯಾಲಯ ಅವನನ್ನು ಬಿಟ್ಟುಕೊಟ್ಟಿತು.

ನನಗೆ ಅದರ ಜೊತೆ ಬಂದ ಚೀಟಿಯೇ ಹೆಚ್ಚು ಕುತೂಹಲ ಹುಟ್ಟಿಸಿತು. ಹಣ ಕೊಡದಿದ್ದರೆ ನಿಮ್ಮ ಬೇರೆ ಪ್ರೋಗ್ರಾಂಗಳಿಗೆ ತೊಂದರೆಯಾಗುತ್ತದೆ ಅಂತ ಸಣ್ಣಕ್ಷರದಲ್ಲಿ ಅದರಲ್ಲೇ ಅಚ್ಚು ಹಾಕಿದ್ದರು! ಅದನ್ನು ಓದದೆ ಫ್ಲಾಪಿ ಹಾಕಿದವರು ಎಷ್ಟೋ ಜನ. ಮೇಷ್ಟ್ರ ಫೋನ್ ಕೂಡ ಕೇಳಿತ್ತು, "ಈ ಆ್ಯಪ್ ನಿಮ್ಮ ಎಸ್ಸೆಮ್ಮೆಸ್ ಓದಬಹುದೇ?" ಅಂತ. ಮದುವೆ ಕಾಗದಕ್ಕೆ ನಮ್ಮ ಎಸ್ಸೆಮ್ಮೆಸ್ ಯಾಕೆ ಬೇಕು? ಆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವಷ್ಟು ಹೊತ್ತು ನಾವು ನಿಲ್ಲುವುದಿಲ್ಲ.

* * *

ಇನ್ನು ಇ-ಮೇಲ್ ಕಾಲ. 1999ರ ಮಾರ್ಚಿನಲ್ಲಿ ಮೆಲಿಸ್ಸಾ ಬಂತು. ಅದೊಂದು ವರ್ಡ್ ಫೈಲು. ತೆರೆದರೆ ನಿಮ್ಮ ವಿಳಾಸಪಟ್ಟಿಯ ಮೊದಲ ಐವತ್ತು ಜನರಿಗೆ, ನಿಮ್ಮದೇ ಹೆಸರು ಹಾಕಿ, ಮುಖ್ಯವಾದ ಸಂದೇಶ ಅಂತ ತನ್ನನ್ನೇ ಕಳಿಸಿಕೊಳ್ಳುತ್ತಿತ್ತು. ಬ್ರೇನ್‌ಗೆ ಮನುಷ್ಯರ ಕೈ ಬೇಕಿತ್ತು. ಮೆಲಿಸ್ಸಾಗೆ ಮನುಷ್ಯರ ಹೆಸರು ಸಾಕಾಯಿತು. ಬರೆದ ಡೇವಿಡ್ ಸ್ಮಿತ್‌ಗೆ 2002ರಲ್ಲಿ ಇಪ್ಪತ್ತು ತಿಂಗಳ ಜೈಲಾಯಿತು.

2000ದ ಮೇ 4ರಂದು ಮನಿಲಾದಿಂದ ಹೊರಟ ಕಾಗದವಂತೂ ಎಲ್ಲರಿಗೂ ಗೊತ್ತಿರೋದೇ. ಸಬ್ಜೆಕ್ಟ್ ಲೈನಿನಲ್ಲಿ "ಐ ಲವ್ ಯೂ". ಜೊತೆಗೆ ಲವ್ ಲೆಟರ್ ಅಂತ ಹೆಸರಿದ್ದ ಒಂದು ಫೈಲು. ಅದರ ಹೆಸರಿನ ಕೊನೆ "ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್". ಆದರೆ ವಿಂಡೋಸ್ ಆಗಲೂ, ಈಗಲೂ, ತನಗೆ ಗೊತ್ತಿರುವ ಫೈಲುಗಳ ಬಾಲವನ್ನು ತಾನಾಗಿಯೇ ಮುಚ್ಚಿಡುತ್ತದೆ. ನೋಡುವವರಿಗೆ ಕಂಡದ್ದು "ಡಾಟ್ ಟಿಎಕ್ಸ್‌ಟಿ" ಮಾತ್ರ, ಪಾಪದ ಒಂದು ಓಲೆ. ನಿಜವಾದ ಬಾಲ, ಅಂದರೆ ಇದು ಓದುವ ಕಾಗದ ಅಲ್ಲ, ಕೆಲಸ ಮಾಡುವ ಪ್ರೋಗ್ರಾಂ ಅಂತ ಹೇಳುವ ಭಾಗ, ಮರೆಯಲ್ಲಿತ್ತು. ತೆರೆದವರ ಫೋಟೋಗಳ ಮೇಲೆ ತನ್ನನ್ನೇ ಬರೆದುಕೊಂಡು, ವಿಳಾಸಪಟ್ಟಿಯ ಅಷ್ಟೂ ಜನರಿಗೆ ಪ್ರೇಮಪತ್ರ ಹಾರಿಸಿತು. ಏಷ್ಯಾದಲ್ಲಿ ಬೆಳಗಾದಾಗ ಏಷ್ಯಾ, ಯುರೋಪಿನಲ್ಲಿ ಆಫೀಸು ತೆರೆದಾಗ ಯುರೋಪು, ಆಮೇಲೆ ಅಮೆರಿಕ. ಬ್ರಿಟನ್ನಿನ ಸಂಸತ್ತು ತನ್ನ ಇ-ಮೇಲನ್ನೇ ಬಂದ್ ಮಾಡಬೇಕಾಯ್ತು.

ಬರೆದವನು ಓನೆಲ್ ದೆ ಗುಜ್ಮಾನ್, ಕಾಲೇಜು ಹುಡುಗ. ಇಂಟರ್ನೆಟ್‌ಗೆ ದುಡ್ಡು ಕೊಡಲಾಗದೆ ಬೇರೆಯವರ ಪಾಸ್‌ವರ್ಡ್ ಕದಿಯೋಕೆ ಮಾಡಿದ್ದೆ ಅಂತ, 2020ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಅವನೇ ಒಪ್ಪಿಕೊಂಡ. ಅವನಿಗೆ ಶಿಕ್ಷೆಯೇ ಆಗಲಿಲ್ಲ. ಯಾಕೆಂದರೆ ಫಿಲಿಪೀನ್ಸಿನಲ್ಲಿ ಆಗ ಅಂಥ ಕಾನೂನೇ ಇರಲಿಲ್ಲ. ಮರುತಿಂಗಳು, ಜೂನಿನಲ್ಲಿ, ಅಲ್ಲಿ ಕಾನೂನು ಬಂತು. ನಮ್ಮ ಐಟಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದೂ ಅದೇ ಜೂನಿನಲ್ಲೇ. ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು.

ಲವ್ ಲೆಟರ್‌ಗೂ ಮದುವೆ ಕಾಗದಕ್ಕೂ ಮಧ್ಯೆ ಕಾಲು ಶತಮಾನ ಕಳೆದಿದೆ. ಫೈಲಿನ ಬಾಲ ವಿಬಿಎಸ್‌ನಿಂದ ಎಪಿಕೆ ಆಗಿದೆ. ಉಳಿದ ಉಪಾಯ ಅದೇ. ಮನುಷ್ಯರು ತಡೆದುಕೊಳ್ಳಲಾರದಂಥ ಒಂದು ಒಳ್ಳೆಯ ಸುದ್ದಿ, ಅದೂ ಗೊತ್ತಿರುವವರ ಹೆಸರಿನಲ್ಲಿ.

* * *

ಇಷ್ಟು ಹೊತ್ತು ಒಳಗೆ ಬರುವ ಫೈಲುಗಳ ಮಾತಾಯ್ತು. ಹೊರಗೆ ಹೋಗುವವುಗಳ ಕಥೆಯೂ ಇದೆ.

1999ರ ಜೂನಿನಲ್ಲಿ ಶಾನ್ ಫ್ಯಾನಿಂಗ್ ಎಂಬ ಹುಡುಗನ ನ್ಯಾಪ್‌ಸ್ಟರ್ ಬಂತು. ನಿನ್ನ ಕಂಪ್ಯೂಟರಿನ ಹಾಡು ನನಗೆ, ನನ್ನದು ನಿನಗೆ. ಕಂಪನಿಗಳು ಕೋರ್ಟಿಗೆ ಹೋಗಿ 2001ರ ಜುಲೈನಲ್ಲಿ ಅದನ್ನು ನಿಲ್ಲಿಸಿದವು. ಅಷ್ಟರಲ್ಲಿ ಕಜಾ, ಲೈಮ್‌ವೈರ್ ಹುಟ್ಟಿಕೊಂಡಾಗಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಸಾಗರದ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಇದನ್ನೇ ಮಾಡುತ್ತಿದ್ದೆವು. ಒಂದು ಹಾಡು ಇಳಿಯೋದಕ್ಕೆ ಒಂದು ಗಂಟೆ. ಕೊನೆಗೆ ನೋಡಿದರೆ ಅದು ಹಾಡೇ ಅಲ್ಲ. 2002ರಲ್ಲೇ ಬೆಂಜಮಿನ್ ಅನ್ನೋ ವರ್ಮ್ ಕಜಾದಲ್ಲಿ ಜನ ಹುಡುಕುವ ಹಾಡು, ಸಿನಿಮಾ, ಗೇಮುಗಳ ಹೆಸರನ್ನೇ ಹೊತ್ತು ಕೂತಿತ್ತು. ಹುಡುಕಿದ ಹೆಸರೇ ಸಿಕ್ಕಿತು ಅಂದ ಮಾತ್ರಕ್ಕೆ ಹುಡುಕಿದ ವಸ್ತುವೇ ಸಿಕ್ಕಿತು ಅಂತಲ್ಲ.

ಅದೇ 2002ರಲ್ಲಿ ನೇಥನಿಯಲ್ ಗುಡ್ ಮತ್ತು ಆರನ್ ಕ್ರೆಕೆಲ್‌ಬರ್ಗ್ ಅನ್ನೋ ಇಬ್ಬರು ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಹನ್ನೆರಡು ಜನರನ್ನು ಕಜಾದ ಮುಂದೆ ಕೂರಿಸಿ, ಈ ಕಂಪ್ಯೂಟರಿನಿಂದ ಯಾವ ಯಾವ ಫೈಲುಗಳು ಜಗತ್ತಿಗೆ ಹಂಚಿಕೆಯಾಗುತ್ತಿವೆ ಹೇಳಿ ಅಂದರು. ಸರಿಯಾಗಿ ಹೇಳಿದವರು ಇಬ್ಬರೇ. ನಿಜವಾಗಿ ಹಂಚಿಕೆಯಾಗುತ್ತಿದ್ದುದು ಇಡೀ ಹಾರ್ಡ್ ಡಿಸ್ಕ್! ಹಾಡಿನ ಫೋಲ್ಡರನ್ನು ತೆರೆದಿಡಲು ಹೋಗಿ ತಮ್ಮ ಇ-ಮೇಲ್ ಪೆಟ್ಟಿಗೆಯನ್ನೇ ಬಯಲಿಗಿಟ್ಟವರು ಆ ಜಾಲದಲ್ಲಿ ಸಿಕ್ಕರು.

ಅಯ್ಯೋ, ಕಜಾ ಎಲ್ಲ ಹೋಯಿತಲ್ಲ ಅನ್ನಬೇಡಿ. ಹೋದ ಸಲ ಮನೆ ಬದಲಿಸಿದಾಗ ನಾನು ಬ್ರೋಕರ್‌ಗೆ ಆಧಾರ್, ಪ್ಯಾನ್, ಮೂರು ತಿಂಗಳ ಸಂಬಳದ ಚೀಟಿಗಳನ್ನು ಡ್ರೈವ್‌ನಲ್ಲಿ ಹಾಕಿ "ಲಿಂಕ್ ಇರುವ ಯಾರಾದರೂ ನೋಡಬಹುದು" ಅಂತ ಒತ್ತಿ ಕಳಿಸಿದ್ದೆ. ಈ ಲೇಖನ ಬರೆಯುವಾಗ ಹೋಗಿ ನೋಡಿದೆ. ಎರಡು ವರ್ಷವಾದರೂ ಬಾಗಿಲು ತೆರೆದೇ ಇತ್ತು. ಕಜಾದ ಮುಂದೆ ತಪ್ಪು ಹೇಳಿದ ಆ ಹತ್ತು ಜನರಲ್ಲಿ ನಾನೂ ಒಬ್ಬಳು ಅನ್ನಿಸಿತು. ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ.

* * *

ಕದ್ದ ಮಾಲು ಮುಟ್ಟಿದರೆ ತಾನೇ ರಗಳೆ, ಅಂಗಡಿಯಿಂದ ದುಡ್ಡು ಕೊಟ್ಟು ತಂದರೆ ನಿಶ್ಚಿಂತೆ. ಹೀಗೆ ಅಂದುಕೊಂಡವರಿಗೆ 2005ರಲ್ಲಿ ಪಾಠವಾಯ್ತು. ಸೋನಿ ಬಿಎಂಜಿ ಕಂಪನಿಯ ಹಾಡಿನ ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ, ಕಾಪಿ ತಡೆಯುವ ಹೆಸರಿನಲ್ಲಿ ಒಂದು ಸಾಫ್ಟ್‌ವೇರ್ ಒಳಗಿಳಿದು ವಿಂಡೋಸಿನ ಕಣ್ಣಿಗೇ ಕಾಣದಂತೆ ಅಡಗಿ ಕೂರುತ್ತಿತ್ತು. ಮಾರ್ಕ್ ರಸಿನೋವಿಚ್ ಎಂಬ ತಜ್ಞ ಅಕ್ಟೋಬರ್ 31ರಂದು ಇದನ್ನು ಬಯಲು ಮಾಡಿದ. ಆ ಅಡಗುತಾಣವನ್ನು ಬೇರೆ ಕಳ್ಳರೂ ಬಳಸಿಕೊಳ್ಳಲು ಶುರು ಮಾಡಿದ ಮೇಲೆ ಕಂಪನಿ ಸಿಡಿಗಳನ್ನು ವಾಪಸ್ ತರಿಸಿಕೊಂಡಿತು. ಲಾಹೋರಿನ ಪುಟ್ಟ ಅಂಗಡಿ ಹೇಳಿದ ಕಾರಣವನ್ನೇ ಹತ್ತೊಂಬತ್ತು ವರ್ಷದ ಮೇಲೆ ಒಂದು ದೈತ್ಯ ಕಂಪನಿಯೂ ಹೇಳಿತು. ಕದಿಯೋದನ್ನ ತಡೆಯೋಕೆ!

ಅಧಿಕೃತ ವೆಬ್‌ಸೈಟಿನಿಂದಲೇ ಇಳಿಸಿಕೊಂಡರೂ ಕೈ ಸುಟ್ಟುಕೊಂಡವರಿದ್ದಾರೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಸ್ವಂತ ತಾಣಕ್ಕೆ ಕನ್ನ ಹಾಕಿ, ಡೌನ್‌ಲೋಡ್ ಲಿಂಕನ್ನು ಹಿಂಬಾಗಿಲಿರುವ ಪ್ರತಿಗೆ ತಿರುಗಿಸಿದ್ದರು. ಮರುತಿಂಗಳು ಟ್ರಾನ್ಸ್‌ಮಿಷನ್ ಅನ್ನೋ ಟೊರೆಂಟ್ ಸಾಫ್ಟ್‌ವೇರಿನ ಮ್ಯಾಕ್ ಪ್ರತಿಯೊಳಗೆ, ಅವರದೇ ತಾಣದಲ್ಲಿ, ಮೂರು ದಿನ ಸುಮ್ಮನಿದ್ದು ಆಮೇಲೆ ಒಂದು ಬಿಟ್‌ಕಾಯಿನ್ ಕೇಳುವ ರ‍್ಯಾನ್ಸಮ್‌ವೇರ್ ಸಿಕ್ಕಿತು. ಎರಡೂ ಸಲ ತಾಣ ನಡೆಸುವವರು ಮುಚ್ಚಿಡದೆ, ಇಂಥ ದಿನ ಇಳಿಸಿಕೊಂಡವರು ಹುಷಾರು ಅಂತ ಬೇಗ ಸಾರಿದರು. ನಷ್ಟ ಅಲ್ಲಿಗೇ ನಿಂತಿತು.

ಬೇಗ ಹೇಳೋದು. ಈ ಮಾತಿಗೆ ಬಂದಾಗ ನಾನು ತಪ್ಪಿಸಿಕೊಳ್ಳಲು ನೋಡುತ್ತಿದ್ದ ಒಂದು ಕಥೆ ಹೇಳಲೇಬೇಕಾಗುತ್ತದೆ.

* * *

2007. ನಾನು ಆಗಷ್ಟೇ ಡಿಗ್ರಿಗೆ ಸೇರಿದ್ದೆ. ಅಕ್ಕ ಎಂ.ಫಿಲ್ ಮಾಡುತ್ತಿದ್ದಳು, ನಮ್ಮ ಸೀಮೆಯ ಹಸೆ ಚಿತ್ತಾರದ ಮೇಲೆ. ಊರೂರು ಅಲೆದು, ದೀವರ ಮನೆಗಳ ಅಜ್ಜಿಯರನ್ನು ಮಾತಾಡಿಸಿ, ಚಿತ್ತಾರ ಬರೆಯುವಾಗ ಅವರು ಹೇಳುವ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಎಲ್ಲಾ ಮನೆಯ ಕಂಪ್ಯೂಟರಿನಲ್ಲಿತ್ತು. ಎರಡು ಅಧ್ಯಾಯ "ನುಡಿ"ಯಲ್ಲಿ ಟೈಪಾಗಿತ್ತು. ಬೇರೆ ಕಾಪಿ ಇರಲಿಲ್ಲ.

ಒಂದು ಭಾನುವಾರ ಕಾಲೇಜ್ ಲ್ಯಾಬಿನಿಂದ ಗೆಳತಿ ಕೊಟ್ಟ ಸಿನಿಮಾ ಹಾಡುಗಳನ್ನು ಪೆನ್ ಡ್ರೈವಿನಲ್ಲಿ ತಂದು ಚುಚ್ಚಿದೆ. ಒಳಗೆ "ನ್ಯೂ ಫೋಲ್ಡರ್" ಅಂತ ಒಂದು ಹಳದಿ ಫೋಲ್ಡರ್. ತೆರೆದೆ. ತೆರೆಯಲಿಲ್ಲ. ಇನ್ನೊಂದು ಸಲ ಒತ್ತಿದೆ. ಆ ಕಾಲದವರಿಗೆ ಈಗಾಗಲೇ ಗೊತ್ತಾಗಿರುತ್ತದೆ, ಅದು ಫೋಲ್ಡರ್ ಅಲ್ಲ, ಫೋಲ್ಡರಿನ ಚಿತ್ರ ಹೊತ್ತ ಒಂದು ಇಎಕ್ಸ್‌ಇ ಫೈಲು. ಆಗಿನ ವಿಂಡೋಸ್‌ನಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಒಳಗಿನದ್ದು ತಾನಾಗಿಯೇ ಏಳುವ ಆಟೋರನ್ ಬೇರೆ ಇತ್ತು. ಮೈಕ್ರೋಸಾಫ್ಟ್ ಅದನ್ನು ಹಳೆಯ ವಿಂಡೋಸ್‌ಗಳಲ್ಲಿ ಅಪ್‌ಡೇಟ್ ಮೂಲಕ ನಿಲ್ಲಿಸಿದ್ದು 2011ರಲ್ಲಿ.

ಮಾರನೇ ದಿನ ಅಕ್ಕನ ಫೋಲ್ಡರ್‌ಗಳು ಕಾಣಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆಯಲಿಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗ ಮನೆಗೇ ಬಂದ. ಒಂದೇ ಪ್ರಶ್ನೆ ಕೇಳಿದ. "ಪೆನ್ ಡ್ರೈವ್ ಏನಾದ್ರೂ ಹಾಕಿದ್ರಾ?"

ಅಕ್ಕ ನನ್ನ ಮುಖ ನೋಡಿದಳು. ನಾನು "ಇಲ್ಲ" ಅಂದೆ.

ಹಾರ್ಡ್ ಡಿಸ್ಕೇ ಹೋಗಿರಬೇಕು ಅಂದುಕೊಂಡು ಅವನು ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ ಹೋದ. ಅಧ್ಯಾಯಗಳನ್ನು ಅಕ್ಕ ನೋಟ್‌ಬುಕ್ ನೋಡಿ ಮತ್ತೆ ಬರೆದಳು. ಹಾಡುಗಳು ಸಿಗಲಿಲ್ಲ. ಹಾಡಿದವರಲ್ಲಿ ಒಬ್ಬ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಮನೆಯವರೆಲ್ಲ ಆ ಅಂಗಡಿಯವನನ್ನು ಬೈದರು, ಮತ್ತೆ ಅವನ ಹತ್ತಿರ ಹೋಗಲಿಲ್ಲ.

ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ ನನಗೊಂದು ವಿಷಯ ಗೊತ್ತಾಯ್ತು. ಆ ಜಾತಿಯ ವೈರಸ್‌ಗಳು ಎಷ್ಟೋ ಸಲ ಫೋಲ್ಡರ್‌ಗಳನ್ನು ಅಳಿಸುತ್ತಿರಲಿಲ್ಲ, ಅಡಗಿಸಿ ಇಡುತ್ತಿದ್ದವು. ಒಂದೆರಡು ಕಮ್ಯಾಂಡ್ ಕೊಟ್ಟರೆ ವಾಪಸ್ ಕಾಣುತ್ತಿದ್ದವು. ಅಂದರೆ ಅಜ್ಜಿಯರ ಹಾಡುಗಳು ಬಹುಶಃ ಆ ಸೋಮವಾರ ಬೆಳಗ್ಗೆಯೂ ಡಿಸ್ಕಿನೊಳಗೇ ಇದ್ದವು. ಅವನ್ನು ಕಳೆದದ್ದು ವೈರಸ್ ಅಲ್ಲ, ನನ್ನ "ಇಲ್ಲ".

* * *

ಹಾಗಾಗಿ ಮೇಷ್ಟ್ರು ಎರಡು ದಿನ ಬಾಯಿ ಬಿಡಲಿಲ್ಲ ಅಂದಾಗ ನನಗೆ ಕೋಪ ಬರಲಿಲ್ಲ. ನಾಚಿಕೆ ಅಂದರೆ ಏನು ಅಂತ ನನಗೆ ಗೊತ್ತು. ಆದರೆ ಈ ನಲವತ್ತು ವರ್ಷದ ಕಥೆಯಲ್ಲಿ ಕಳ್ಳರು ಎಲ್ಲಕ್ಕಿಂತ ಹೆಚ್ಚು ನಂಬಿಕೊಂಡಿರುವುದು ನಮ್ಮ ಆ ನಾಚಿಕೆಯನ್ನೇ. ಫೈಲು ನಂಬಿಕೆಯ ಮೇಲೆ ಬರುತ್ತದೆ, ಮೌನದ ಮೇಲೆ ಮುಂದಕ್ಕೆ ಹೋಗುತ್ತದೆ. ಮಂಗಳವಾರವೇ ಮೇಷ್ಟ್ರು ಯಾರಿಗಾದರೂ ಹೇಳಿದ್ದರೆ ಗುರುವಾರದ ಆ ನಲವತ್ತು ಫೋನುಗಳು ಬರುತ್ತಿರಲಿಲ್ಲವೇನೋ.

ಅಪ್ಪನಿಗೆ ನಾನು ಕೊಟ್ಟ ಉತ್ತರ ಇಷ್ಟು. ಮೇಷ್ಟ್ರನ್ನ ನಂಬು, ಮೇಷ್ಟ್ರ ನಂಬರನ್ನಲ್ಲ. ಯಾವುದೇ ಫೈಲು ಬಂದರೂ, ಅದು ಬಂದ ದಾರಿಯಲ್ಲಿ ಅಲ್ಲದೆ ಬೇರೆ ದಾರಿಯಲ್ಲಿ ಕೇಳು. ವಾಟ್ಸಾಪಿನಲ್ಲಿ ಬಂದರೆ ಫೋನ್ ಮಾಡು. ಆಫೀಸ್ ಮೇಲ್‌ನಲ್ಲಿ ಬಂದರೆ ನಾವು ಎದ್ದು ಹೋಗಿ ಕೇಳುವ ಹಾಗೆ. ಫೈಲಿನ ಬಾಲ ನೋಡು. ಮದುವೆ ಕಾಗದ ಅಂದರೆ ಚಿತ್ರ ಅಥವಾ ಪಿಡಿಎಫ್, ಅದು ಯಾವತ್ತೂ ಎಪಿಕೆ ಆಗಿರಲ್ಲ. ಹಾಗಂತ ಪಿಡಿಎಫ್ ಎಲ್ಲಾ ಸಾಚಾ ಅಂತಲೂ ಅಲ್ಲ. ಆ್ಯಂಡ್ರಾಯ್ಡ್ ಹೊರಗಿನ ಆ್ಯಪನ್ನು ಒಳಗೆ ಬಿಡೋ ಮೊದಲು ತಡೆದು ಕೇಳುತ್ತದೆ. ಆ ತಡೆಯನ್ನು ತೆಗೆಯಬೇಡ. ಎಸ್ಸೆಮ್ಮೆಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿ ಒಂದೇ ಅಲ್ಲ, ನಿನ್ನ ವಾಟ್ಸಾಪನ್ನು ಬೇರೆ ಫೋನಿನಲ್ಲಿ ಶುರು ಮಾಡುವ ಆರಂಕಿಯ ಸಂಖ್ಯೆಯನ್ನೂ ಕೊಟ್ಟ ಹಾಗೆ. ಅದಕ್ಕೇ ವಾಟ್ಸಾಪಿನಲ್ಲಿ ಎರಡನೇ ಪಿನ್ ಹಾಕಿಡು ಅಂದೆ. ವಿಡಿಯೋ ಕಾಲ್‌ನಲ್ಲಿ ಕೂತು ಹಾಕಿಸಿಯೂ ಬಿಟ್ಟೆ.

ನಿಮಗೆ, ಅಂದರೆ ನನ್ನ ಹಾಗೆ ಲ್ಯಾಪ್‌ಟಾಪ್ ಮುಂದೆ ಬದುಕುವವರಿಗೆ, ಇನ್ನೆರಡು ಮಾತು. ಕಂಪ್ಯೂಟರಿನಲ್ಲಿ ಫೈಲಿನ ಪೂರ್ತಿ ಹೆಸರು ಕಾಣುವ ಹಾಗೆ ಸೆಟ್ಟಿಂಗ್ ಬದಲಿಸಿಕೊಳ್ಳಿ. ಲವ್ ಲೆಟರ್ ಗೆದ್ದದ್ದು ಅದೊಂದು ಟಿಕ್ ಮಾರ್ಕಿನಿಂದ. ಅನುಮಾನದ ಫೈಲನ್ನು ವೈರಸ್‌ಟೋಟಲ್‌ನಂಥ ತಾಣದಲ್ಲಿ ಪರೀಕ್ಷಿಸಬಹುದು, ಆದರೆ ಅಲ್ಲಿ ಹಾಕಿದ್ದು ಬೇರೆಯವರಿಗೂ ಸಿಗುತ್ತದೆ. ಆಫೀಸಿನ ಕಾಗದ, ಆಧಾರ್ ಕಾರ್ಡ್ ಹಾಕಬೇಡಿ. ಮುಖ್ಯವಾದ ಫೈಲುಗಳ ಒಂದು ಕಾಪಿ ಕಂಪ್ಯೂಟರಿನಿಂದ ಬಿಚ್ಚಿಟ್ಟ ಡಿಸ್ಕಿನಲ್ಲಿರಲಿ. ಅಕ್ಕನ ಹತ್ತಿರ ಅದೊಂದಿದ್ದಿದ್ದರೆ ನನ್ನ ಸುಳ್ಳಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಹಣ ಹೋಯಿತು ಅಂತ ಗೊತ್ತಾದ ಕ್ಷಣ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಖಾತೆಯಿಂದ ಖಾತೆಗೆ ಓಡುತ್ತಿರುವಾಗಲೇ ತಡೆಯೋಕೆ ಸಾಧ್ಯ, ಹಾಗಾಗಿ ಇಲ್ಲಿ ನಿಮಿಷಗಳ ಲೆಕ್ಕ. ಅಪ್ಪ ಮೇಷ್ಟ್ರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದದ್ದು ಶುಕ್ರವಾರ. ಹಣ ಇನ್ನೂ ಬಂದಿಲ್ಲ. 2024ರ ನವೆಂಬರಿನಲ್ಲೇ ಹಿಮಾಚಲ ಪ್ರದೇಶದ ಪೊಲೀಸರು ಇದೇ ಮದುವೆ ಕಾರ್ಡಿನ ಬಗ್ಗೆ ಜನರನ್ನು ಎಚ್ಚರಿಸಿದ್ದರು. ಆ ಎಚ್ಚರಿಕೆ ಸಾಗರದ ಒಬ್ಬ ನಿವೃತ್ತ ಮೇಷ್ಟ್ರನ್ನು ತಲುಪಲಿಲ್ಲ. ಫೈಲು ತಲುಪಿತು.

ಠಾಣೆಯಿಂದ ಬಂದ ಮೇಲೆ ಮೇಷ್ಟ್ರು ಒಂದು ಕೆಲಸ ಮಾಡಿದರು. ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದೆಲ್ಲ ಬರೆದರು. ತಾವು ಒತ್ತಿದ್ದು, ಹೋದ ಮೊತ್ತ, ಮುಚ್ಚಿಟ್ಟದ್ದು, ಮಗಳಿಗಾದ ನೋವು, ಎಲ್ಲ. ಅವತ್ತು ರಾತ್ರಿಯೊಳಗೆ ಅದೇ ಗುಂಪಿನ ಇನ್ನೂ ಮೂವರು "ನಂಗೂ ಆಗಿತ್ತು" ಅಂತ ಬರೆದರಂತೆ. ಒಬ್ಬರದ್ದಂತೂ ಆರು ತಿಂಗಳ ಹಿಂದಿನದ್ದು.

ಅದನ್ನು ಕೇಳಿದ ಮೇಲೆ ನಾನು ಅಕ್ಕನಿಗೆ ಫೋನ್ ಮಾಡಿದೆ. ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆ "ಇಲ್ಲ"ವನ್ನು ಹೇಳಿದೆ. ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಂಗೆ ಹೇಳಿದ್ದಾಯ್ತು. ಆ ಅಂಗಡಿಯವನಿಗೆ ಯಾರು ಹೇಳ್ತಾರೆ?" ಅಂದಳು.

ಆ ಅಂಗಡಿ ಈಗಲೂ ಇದೆ, ಮೊಬೈಲ್ ರಿಪೇರಿ ಮಾಡುತ್ತಾನೆ ಅಂತ ಅಪ್ಪ ಹೇಳಿದರು. ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ.

ಅಪ್ಪ ಈಗ ವಾಟ್ಸಾಪಿನಲ್ಲಿ ಏನೇ ಬಂದರೂ ಕಳಿಸಿದವರಿಗೆ ಫೋನ್ ಹಚ್ಚಿ, "ಇದು ನೀವೇ ಕಳ್ಸಿದ್ದಾ?" ಅಂತ ಕೇಳುತ್ತಾರೆ. ಅಲ್ಲಿಂದ ಮಾತು ಅಡಿಕೆ ರೇಟು, ಮಂಡಿನೋವು, ಮೊಮ್ಮಕ್ಕಳು ಅಂತ ಅರ್ಧ ಗಂಟೆ ಹೋಗುತ್ತದೆ. ಅಮ್ಮನಿಗೆ ಇದೇ ಹೊಸ ತಲೆನೋವಂತೆ.